ಕಾದ ಎಂಜಿನ್ನೂ ಕೈಪಿಡಿಯ ದೋಷಪಟ್ಟಿಯೂ

ಎಟಿವಿ ಎಂದು ಕರೆಯುವ ನಾಲ್ಕು ದಪ್ಪ ಚಕ್ರಗಳ ವಾಹನವನ್ನು ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ. ಕುದುರೆಯಂತೆ ಕಾಲು ಚಾಚಿ ಕೂರುವ ಆಸನ, ಬೈಕಿನಂತಹ ಹ್ಯಾಂಡಲ್, ಕಡಿಮೆ ಗಾಳಿಯ ಉಬ್ಬಿದ ಟೈರು. 1970ರಲ್ಲಿ ಹೋಂಡಾ ಕಂಪನಿ ಅಮೆರಿಕದ ಮಾರುಕಟ್ಟೆಗೆ ತಂದ ಮೂರು ಚಕ್ರದ ಮಾದರಿಯಿಂದ ಇದರ ಕಥೆ ಶುರುವಾಯಿತು. 1980ರ ದಶಕದ ಆರಂಭದಲ್ಲಿ ಸುಜುಕಿ ನಾಲ್ಕು ಚಕ್ರದ್ದನ್ನು ತಂದಿತು. ಮೂರು ಚಕ್ರದವು ಮಗುಚಿ ಬೀಳುತ್ತಿದ್ದುದರಿಂದ 1988ರಲ್ಲಿ ಅಮೆರಿಕದಲ್ಲಿ ಅವುಗಳ ಮಾರಾಟ ನಿಂತಿತು. ಇಂದು ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳ ಕುರಿ-ದನಗಳ ಫಾರಂಗಳಲ್ಲಿ ಇದು ದಿನಬಳಕೆಯ ಸಾಧನ. ನಮ್ಮಲ್ಲಿ ಹೆಚ್ಚಾಗಿ ರೆಸಾರ್ಟ್‌ಗಳ ಗುಡ್ಡಗಳಲ್ಲಿ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಸ್ಪರ್ಧೆಗಳಲ್ಲಿ ಕಾಣಸಿಗುತ್ತದೆ.

ಈ ವಾಹನಕ್ಕೆ ಬರುವ ಕಾಯಿಲೆಗಳಲ್ಲಿ ಮುಖ್ಯವಾದದ್ದು ಎಂಜಿನ್ ಅತಿಯಾಗಿ ಕಾಯುವುದು. ಅದಕ್ಕೆ ಕೈಪಿಡಿ ಏನು ಪರಿಹಾರ ಹೇಳುತ್ತದೆಂದು ತಿಳಿಯಲು ಕೊನೆಯ ಪುಟಗಳಿಗೆ ಹೋಗಬೇಕು. ಅಲ್ಲೊಂದು ದೋಷಶೋಧನೆಯ ಪಟ್ಟಿ ಇರುತ್ತದೆ. ಎಡ ಅಂಕಣದಲ್ಲಿ 'ಎಂಜಿನ್ ಅತಿಯಾಗಿ ಕಾಯುತ್ತದೆ' ಎಂಬ ಲಕ್ಷಣ. ಬಲ ಅಂಕಣದಲ್ಲಿ ಕಾರಣಗಳು: ಕೂಲೆಂಟ್ ಕಡಿಮೆ, ರೇಡಿಯೇಟರ್ ಕಟ್ಟಿಕೊಂಡಿದೆ, ಥರ್ಮೋಸ್ಟ್ಯಾಟ್ ಕೆಟ್ಟಿದೆ, ಫ್ಯಾನ್ ಕೆಟ್ಟಿದೆ, ನೀರಿನ ಪಂಪ್ ಕೆಟ್ಟಿದೆ, ರೇಡಿಯೇಟರ್ ಮುಚ್ಚಳ ಸಡಿಲ, ಕಿಡಿ ಹಾರುವ ಕಾಲ ತಪ್ಪಿದೆ. ಕಂಪನಿ ಯಾವುದಾದರೂ ಪಟ್ಟಿ ಹೆಚ್ಚುಕಡಿಮೆ ಇದೇ. ನಾನಿಲ್ಲಿ ವಿಮರ್ಶಿಸಲು ಹೊರಟಿರುವುದು ಈ ಪಟ್ಟಿ ಎಂಬ ಬರಹದ ಪ್ರಕಾರವನ್ನೇ. ಇದನ್ನು ನಂಬಿ ಲಕ್ಷಾಂತರ ಜನ ಸ್ಪ್ಯಾನರ್ ಹಿಡಿಯುತ್ತಾರೆ. ಹೀಗಿದ್ದೂ ಬರಹವಾಗಿ ಇದು ಹೇಗಿದೆ ಎಂದು ಕೇಳುವವರು ವಿರಳ.

ಮೊದಲು ಪಟ್ಟಿಯ ಗುಣವನ್ನು ಹೇಳಿಬಿಡೋಣ. ಅದರಲ್ಲಿ ಸುಳ್ಳಿಲ್ಲ. ಹೇಳಿದ ಪ್ರತಿಯೊಂದು ಕಾರಣವೂ ಎಂಜಿನ್ನನ್ನು ಕಾಯಿಸಬಲ್ಲದು. ಬರೆದವರಿಗೆ ಎಂಜಿನ್ ಚೆನ್ನಾಗಿ ಗೊತ್ತು. ಆದರೆ ಅದು ಬಿಡಿಭಾಗಗಳ ಪಟ್ಟಿ, ಯೋಚನೆಯ ಕ್ರಮವಲ್ಲ. ಐದು ನಿಮಿಷದಲ್ಲಿ ಬರಿಗಣ್ಣಿನಿಂದ ನೋಡಬಹುದಾದ ಕೆಸರೂ, ಅರ್ಧ ದಿನ ಎಂಜಿನ್ ಬಿಚ್ಚಿ ನೋಡಬೇಕಾದ ಪಂಪೂ ಅಲ್ಲಿ ಸರಿಸಮ. 'ಯಾವ ಭಾಗ?' ಎಂದಷ್ಟೇ ಪಟ್ಟಿ ಕೇಳುತ್ತದೆ. 'ಯಾವಾಗ ಕಾಯಿತು?' ಎಂದು ಕೇಳುವುದಿಲ್ಲ. ನಿಂತಾಗಲೆ, ಓಡುವಾಗಲೆ, ಏರು ಹತ್ತುವಾಗಲೆ, ಬೆಳಿಗ್ಗೆ ಚಾಲೂ ಮಾಡಿದ ಮೂರೇ ನಿಮಿಷಕ್ಕೆಯೆ? ರೋಗಿಗೆ ಜ್ವರ ಎಂದರೆ ಒಳ್ಳೆಯ ವೈದ್ಯರು ಮೊದಲು ಕೇಳುವುದು ಎಂದಿನಿಂದ, ಯಾವ ಹೊತ್ತಿನಲ್ಲಿ ಎಂದು. ಎಂಜಿನ್ನಿನ ವಿಷಯದಲ್ಲೂ ಉತ್ತರದ ಬಹುಪಾಲು ಈ 'ಯಾವಾಗ'ದಲ್ಲಿ ಅಡಗಿದೆ. ಏಕೆಂದು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನದ ಶಕ್ತಿಯ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗ ಮಾತ್ರ ಕೆಲಸಕ್ಕೆ ಒದಗುತ್ತದೆ. ಮತ್ತೊಂದು ಅಷ್ಟೇ ಪಾಲು ಹೊಗೆಕೊಳವೆಯಲ್ಲಿ ಹೋಗುತ್ತದೆ. ಉಳಿದದ್ದು ಸಿಲಿಂಡರಿನ ಗೋಡೆಗಳ ಮೂಲಕ ಹೊರಬೀಳಬೇಕು. 500 ಘನ ಸೆಂಟಿಮೀಟರ್ ಗಾತ್ರದ ಎಂಜಿನ್ನೊಂದು ಏರು ಹತ್ತುತ್ತಾ 8 ಕಿಲೋವಾಟ್ ಕೊಡುತ್ತಿದೆ ಎಂದಿಟ್ಟುಕೊಳ್ಳಿ. ಕೂಲೆಂಟ್ ಹೊತ್ತೊಯ್ಯಬೇಕಾದ ಉಷ್ಣವೂ ಸುಮಾರು 8 ಕಿಲೋವಾಟ್. ಅಂದರೆ ನೀರು ಕಾಯಿಸುವ ಮನೆಯ ಗೀಸರ್ ನಾಲ್ಕು ಒಟ್ಟಿಗೆ ಉರಿಸಿದಂತೆ. ವ್ಯವಸ್ಥೆಯಲ್ಲಿರುವ ನೀರು ಸುಮಾರು 2 ಲೀಟರ್ ಎಂದುಕೊಂಡರೆ, 85 ಡಿಗ್ರಿ ಸೆಲ್ಸಿಯಸ್‌ನಿಂದ 120 ಡಿಗ್ರಿಗೆ ಏರಲು ಆ ನೀರು ಹೀರಿಕೊಳ್ಳುವ ಉಷ್ಣ 2 × 4.2 × 35, ಅಂದರೆ 294 ಕಿಲೋಜೌಲ್. ಸೆಕೆಂಡಿಗೆ 8 ಕಿಲೋಜೌಲ್ ಬರುತ್ತಿದ್ದರೆ ಇದು ಮುಗಿಯಲು 37 ಸೆಕೆಂಡ್ ಸಾಕು! ಜೊತೆಗೆ ಕಾಯುವ ಲೋಹವನ್ನು 25 ಕಿಲೋಗ್ರಾಂ ಎಂದು ಸೇರಿಸಿಕೊಂಡರೂ ಎರಡು ನಿಮಿಷದ ಬಿಡುವು ಮಾತ್ರ ಸಿಗುತ್ತದೆ.

ಈ 37 ಸೆಕೆಂಡನ್ನು ಶಿಕ್ಷಕರು ಗಮನಿಸಬೇಕು. 'ನೀರಿನ ವಿಶಿಷ್ಟೋಷ್ಣ ಹೆಚ್ಚು, ಆದ್ದರಿಂದ ಅದನ್ನು ವಾಹನಗಳ ರೇಡಿಯೇಟರಿನಲ್ಲಿ ಬಳಸುತ್ತಾರೆ' ಎಂಬ ವಾಕ್ಯವನ್ನು ನಾವೆಲ್ಲ ಪಾಠಗಳಲ್ಲಿ ಓದಿದ್ದೇವೆ. ತಪ್ಪೇನಿಲ್ಲ. ಆದರೆ ನೀರು ಉಷ್ಣವನ್ನು ಹೊಟ್ಟೆಯೊಳಗೆ ತುಂಬಿಟ್ಟುಕೊಂಡು ಎಂಜಿನ್ನನ್ನು ಕಾಪಾಡುತ್ತದೆ ಎಂಬ ಚಿತ್ರ ಅದರಿಂದ ಮಕ್ಕಳ ಮನಸ್ಸಿನಲ್ಲಿ ಮೂಡುತ್ತದೆ. ನೀರು ಕಣಜವಲ್ಲ, ಹಮಾಲಿ. ಉಷ್ಣವನ್ನು ಹೊತ್ತುಕೊಂಡು ಹೋಗಿ ಗಾಳಿಗೆ ಇಳಿಸಿ ಮರಳಿ ಬರಬೇಕು. ಎಂಜಿನ್ನಿಗೆ ಬರುವಾಗ ಮತ್ತು ಬಿಡುವಾಗ ಅದರ ತಾಪದಲ್ಲಿ 8 ಡಿಗ್ರಿ ವ್ಯತ್ಯಾಸವಿದ್ದರೆ, 8 ಕಿಲೋವಾಟ್ ಸಾಗಿಸಲು ನಿಮಿಷಕ್ಕೆ ಸುಮಾರು 14 ಲೀಟರ್ ಹರಿಯಬೇಕು. ಎರಡು ಲೀಟರ್ ನೀರು ನಿಮಿಷಕ್ಕೆ ಏಳು ಸುತ್ತು ಸುತ್ತಬೇಕೆಂದಾಯಿತು. ವಿಶಿಷ್ಟೋಷ್ಣವೊಂದೇ ಮುಖ್ಯವಾಗಿದ್ದರೆ ನೀರಿಗೆ ಎಥಿಲೀನ್ ಗ್ಲೈಕಾಲ್ ಬೆರೆಸುತ್ತಲೇ ಇರಲಿಲ್ಲ. ಸಮಭಾಗ ಬೆರೆಸಿದಾಗ ವಿಶಿಷ್ಟೋಷ್ಣ 4.2ರಿಂದ ಸುಮಾರು 3.5ಕ್ಕೆ ಇಳಿಯುತ್ತದೆ. ಆದರೂ ಬೆರೆಸುತ್ತಾರೆ. ಅದರಿಂದ ಕುದಿಬಿಂದು ಏರುತ್ತದೆ, ಹೆಪ್ಪುಗಟ್ಟುವ ಬಿಂದು ಸೊನ್ನೆಗಿಂತ ಬಹಳ ಕೆಳಗೆ ಹೋಗುತ್ತದೆ. ಜೊತೆಗೆ ಸೇರಿಸಿರುವ ರಾಸಾಯನಿಕಗಳು ತುಕ್ಕು ತಡೆಯುತ್ತವೆ.

ಹೆಸರಿನ ಬಗ್ಗೆಯೂ ಒಂದು ಮಾತು. 'ರೇಡಿಯೇಟರ್' ಎಂಬುದೇ ತಪ್ಪು ಹೆಸರು. ಅದನ್ನು 'ವಿಕಿರಕ' ಎಂದು ಕನ್ನಡಿಸಿದಾಗ ತಪ್ಪು ಇನ್ನಷ್ಟು ಗಟ್ಟಿಯಾಗುತ್ತದೆ. 30 ಸೆಂಟಿಮೀಟರ್ ಚೌಕದ ರೇಡಿಯೇಟರ್ 90 ಡಿಗ್ರಿಯಲ್ಲಿದ್ದು, ಸುತ್ತಲಿನ ತಾಪ 30 ಡಿಗ್ರಿ ಇದ್ದರೆ, ಸ್ಟೆಫಾನ್ ನಿಯಮದಂತೆ ಅದರ ಎರಡೂ ಮುಖಗಳಿಂದ ವಿಕಿರಣವಾಗಿ ಹೋಗುವುದು ನೂರು ವಾಟ್‌ಗಿಂತ ಕಡಿಮೆ. 8000 ವಾಟ್‌ನಲ್ಲಿ ನೂರು! ಉಳಿದದ್ದೆಲ್ಲ ಹೋಗುವುದು ಅದರ ತೆಳು ರೆಕ್ಕೆಗಳ ನಡುವೆ ನುಗ್ಗುವ ಗಾಳಿಯಿಂದ. ಆ ಗಾಳಿ 40 ಡಿಗ್ರಿಯಷ್ಟು ಬಿಸಿಯಾಗಿ ಹೊರಬರುತ್ತದೆ ಎಂದುಕೊಂಡರೆ ಸೆಕೆಂಡಿಗೆ ಸುಮಾರು 170 ಲೀಟರ್ ಗಾಳಿ ಬೇಕು. ರೇಡಿಯೇಟರಿನ ಮುಖದಲ್ಲಿ ಗಂಟೆಗೆ ಸುಮಾರು 7 ಕಿಲೋಮೀಟರ್ ವೇಗದ ಗಾಳಿ. ಕೆಸರಿನಲ್ಲಿ ಎಟಿವಿ ತೆವಳುವುದೇ ಗಂಟೆಗೆ ನಾಲ್ಕೈದು ಕಿಲೋಮೀಟರ್ ವೇಗದಲ್ಲಿ. ಎದುರಾದ ಗಾಳಿಯಲ್ಲಿ ಹೆಚ್ಚಿನದು ರೇಡಿಯೇಟರನ್ನು ಬಳಸಿ ಪಕ್ಕಕ್ಕೆ ಜಾರುತ್ತದೆ. ಕಾರಿಗೂ ಎಟಿವಿಗೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ಕಾರಿಗೆ ಭಾರ ಹೆಚ್ಚಾದಾಗ ಸಾಮಾನ್ಯವಾಗಿ ವೇಗವೂ ಇರುತ್ತದೆ, ಗಾಳಿ ತಾನಾಗಿ ಸಿಗುತ್ತದೆ. ಎಟಿವಿ ಅತಿ ಹೆಚ್ಚು ದುಡಿಯುವುದೇ ಅತಿ ನಿಧಾನವಾಗಿ ಹೋಗುವಾಗ. ಆಗ ಅದರ ಬದುಕು ನಿಂತಿರುವುದು ಒಂದು ಪುಟ್ಟ ವಿದ್ಯುತ್ ಫ್ಯಾನಿನ ಮೇಲೆ.

ಈಗ 'ಯಾವಾಗ' ಎಂಬ ಪ್ರಶ್ನೆಗೆ ಮರಳೋಣ. ನಿಂತಾಗ, ತೆವಳುವಾಗ ಕಾಯುತ್ತದೆ, ಬಯಲಿನಲ್ಲಿ ಓಡಿಸಿದರೆ ತಣಿಯುತ್ತದೆ ಎಂದಾದರೆ ನೀರು ಸುತ್ತುತ್ತಿದೆ, ಪಂಪ್ ಬಹುಮಟ್ಟಿಗೆ ಸರಿಯಿದೆ ಎಂದು ಅರ್ಥ. ಕೊರತೆಯಿರುವುದು ಗಾಳಿಯದು. ಫ್ಯಾನ್, ಅದರ ಫ್ಯೂಸ್, ಅದರ ಸ್ವಿಚ್, ಇಲ್ಲವೇ ರೆಕ್ಕೆಗಳ ನಡುವಿನ ಕೆಸರು. ಇದಕ್ಕೆ ವಿರುದ್ಧವಾಗಿ, ನಿಂತಾಗ ತಣ್ಣಗಿದ್ದು ಭಾರ ಬಿದ್ದೊಡನೆ ವೇಗದಲ್ಲೂ ಕಾಯುವುದಾದರೆ ಫ್ಯಾನನ್ನು ಬಿಟ್ಟುಬಿಡಿ. ಹರಿವು ಸಾಲದು ಅಥವಾ ರೇಡಿಯೇಟರಿನ ಕೊಳವೆಗಳು ಒಳಗೆ ಕಟ್ಟಿವೆ. ಹಾಗಲ್ಲದಿದ್ದರೆ ಬ್ರೇಕ್ ಪೂರ್ತಿ ಬಿಡದೆ ಎಂಜಿನ್ ವೃಥಾ ದುಡಿಯುತ್ತಿರಬಹುದು. ತಣ್ಣಗಿನ ಎಂಜಿನ್ ಚಾಲೂ ಮಾಡಿದ ಕೆಲವೇ ನಿಮಿಷಗಳಲ್ಲಿ ಕೆಂಪು ದೀಪ ಬಂದು, ರೇಡಿಯೇಟರ್ ಮಾತ್ರ ಇನ್ನೂ ತಣ್ಣಗಿದ್ದರೆ ಥರ್ಮೋಸ್ಟ್ಯಾಟ್ ತೆರೆದಿಲ್ಲ, ಅಥವಾ ದಾರಿಯಲ್ಲಿ ಗಾಳಿಗುಳ್ಳೆ ಕೂತಿದೆ.

ಈ ಕೊನೆಯ ಸಂದರ್ಭದಲ್ಲಿ ಪಟ್ಟಿ ಹೇಗೆ ದಾರಿ ತಪ್ಪಿಸುತ್ತದೆ ನೋಡಿ. ಕೆಲವು ವಾಹನಗಳಲ್ಲಿ ಫ್ಯಾನನ್ನು ಚಾಲೂ ಮಾಡುವ ತಾಪಸ್ವಿಚ್ಚು ರೇಡಿಯೇಟರಿನಲ್ಲೇ ಇರುತ್ತದೆ. ಥರ್ಮೋಸ್ಟ್ಯಾಟ್ ಮುಚ್ಚಿಕೊಂಡಿದ್ದರೆ ಬಿಸಿನೀರು ರೇಡಿಯೇಟರಿಗೆ ಬರುವುದೇ ಇಲ್ಲ. ಸ್ವಿಚ್ಚಿಗೆ ಬಿಸಿ ತಾಗುವುದಿಲ್ಲ. ಎಂಜಿನ್ ಕುದಿಯುತ್ತಿದ್ದರೂ ಫ್ಯಾನ್ ಅಲ್ಲಾಡದು. ಪಟ್ಟಿ ಹಿಡಿದವರು 'ಫ್ಯಾನ್ ಕೆಟ್ಟಿದೆ' ಎಂಬ ಸಾಲಿಗೆ ಗುರುತು ಹಾಕಿ ಹೊಸ ಫ್ಯಾನ್ ತರುತ್ತಾರೆ. ಅದೂ ತಿರುಗುವುದಿಲ್ಲ. ಆಮೇಲೆ ಸ್ವಿಚ್ ತರುತ್ತಾರೆ. ಸಾಲುಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ನಿಂತಿರುವ ಪಟ್ಟಿಯಲ್ಲಿ, ಒಂದು ಭಾಗ ಕೆಟ್ಟಾಗ ಮತ್ತೊಂದು ಕೆಟ್ಟಂತೆ ನಟಿಸಬಲ್ಲದು ಎಂಬ ಸಂಗತಿಗೆ ಜಾಗವೇ ಇಲ್ಲ.

ಕೆಸರಿನ ಸಾಲಿಗೂ ಪಟ್ಟಿ ನ್ಯಾಯ ಒದಗಿಸುವುದಿಲ್ಲ. 'ರೇಡಿಯೇಟರ್ ಕಟ್ಟಿಕೊಂಡಿದೆ' ಎಂದರೆ ಒಳಗೋ ಹೊರಗೋ? ಬಹಳಷ್ಟು ಎಟಿವಿಗಳಲ್ಲಿ ಇದು ಮುಂಭಾಗದಲ್ಲಿ, ಮುಂಚಕ್ರಗಳ ನಡುವೆ, ಕೆಸರು ಚಿಮ್ಮುವ ಎತ್ತರದಲ್ಲೇ ಇರುತ್ತದೆ. ಒದ್ದೆ ಕೆಸರು ರೆಕ್ಕೆಗಳೊಳಗೆ ಹೊಕ್ಕು ಅಲ್ಲೇ ಬೆಂದು ಇಟ್ಟಿಗೆಯಾಗುತ್ತದೆ. ಮುಂದಿನಿಂದ ನೋಡಿದರೆ ತೊಳೆದಂತೆ ಕಾಣುವ ರೇಡಿಯೇಟರಿನ ಆಚೆ ದೀಪ ಹಿಡಿದು ನೋಡಿ, ಬೆಳಕು ತೂರಿ ಬರುವ ಜಾಗ ಎಷ್ಟಿದೆ ಎಂದು ಆಗ ತಿಳಿಯುತ್ತದೆ. ತೊಳೆಯುವುದಾದರೆ ಹಿಂದಿನಿಂದ, ಅಂದರೆ ಎಂಜಿನ್ ಕಡೆಯಿಂದ ಮುಂದಕ್ಕೆ, ಮೆಲ್ಲಗೆ ನೀರು ಬಿಡಬೇಕು. ಸರ್ವಿಸ್ ಸ್ಟೇಷನ್ನಿನ ರಭಸದ ನೀರು ಬಿಟ್ಟರೆ ತೆಳು ರೆಕ್ಕೆಗಳು ಮಡಚಿಕೊಂಡು ಕೆಸರಿಗಿಂತ ಭದ್ರವಾಗಿ ಗಾಳಿಯನ್ನು ತಡೆಯುತ್ತವೆ. ಇಷ್ಟನ್ನು ಪಟ್ಟಿಯಲ್ಲಿ ಒಂದೂವರೆ ಸಾಲಿನಲ್ಲಿ ಹೇಳಬಹುದಿತ್ತು.

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಕಾದಿರುವುದು ಎಂಜಿನ್ನೇ ಹೌದೆ? ಇಂದಿನ ಬಹುತೇಕ ಎಟಿವಿಗಳು ರಬ್ಬರ್ ಬೆಲ್ಟಿನಿಂದ ಗೇರ್ ಬದಲಿಸುವಂಥವು. ನಮ್ಮ ಸ್ಕೂಟರಿನ ಹಾಗೆ. ನಿಧಾನದ ಏರಿನಲ್ಲಿ ಕೆಳಗಿನ ಗೇರ್ ಹಾಕದೆ ಓಡಿಸಿದರೆ ಬೆಲ್ಟ್ ಜಾರಿ ಕಾಯುತ್ತದೆ, ಸುಟ್ಟ ರಬ್ಬರಿನ ವಾಸನೆ ಬರುತ್ತದೆ. ಅದು ಬೇರೆಯೇ ಕಾಯಿಲೆ. ಇನ್ನು ಕೆಂಪು ದೀಪ. ಅದು ಸಿಲಿಂಡರಿನ ತಾಪವನ್ನು ಅಳೆಯುವುದಿಲ್ಲ. ನೀರಿನಲ್ಲಿ ಮುಳುಗಿರುವ ಥರ್ಮಿಸ್ಟರ್ ಎಂಬ ಪುಟ್ಟ ರೋಧಕದ ತಾಪವನ್ನು ಅಳೆಯುತ್ತದೆ. ಬಿಸಿಯಾದಂತೆ ಅದರ ರೋಧ ಕಡಿಮೆಯಾಗುತ್ತದೆ. ನೀರೇ ಸೋರಿಹೋಗಿ ಥರ್ಮಿಸ್ಟರಿನ ತುದಿ ಗಾಳಿಯಲ್ಲಿ ನಿಂತರೆ? ಗಾಳಿ ಮತ್ತು ಹಬೆ ನೀರಿನಷ್ಟು ಚೆನ್ನಾಗಿ ಉಷ್ಣವನ್ನು ತಲುಪಿಸವು. ಲೋಹ ಕೆಂಡವಾಗುತ್ತಿದ್ದರೂ ದೀಪ ತಡವಾಗಿ ಹೊತ್ತಿಕೊಳ್ಳಬಹುದು, ಹೊತ್ತದೆಯೂ ಇರಬಹುದು. ಅತ್ಯಂತ ಅಪಾಯದ ಹೊತ್ತಿನಲ್ಲೇ ಅಳತೆಯ ಸಾಧನ ಸುಮ್ಮನಿರುವುದು ವಿನ್ಯಾಸದ ದೊಡ್ಡ ಕೊರತೆ. ಪಟ್ಟಿಯಾದರೋ 'ದೀಪ ಹೊತ್ತಿದರೆ' ಎಂದೇ ಮಾತು ಶುರು ಮಾಡುತ್ತದೆ.

ನನ್ನ ಅತಿ ದೊಡ್ಡ ತಕರಾರು ಮುಚ್ಚಳದ ಬಗ್ಗೆ. ರೇಡಿಯೇಟರಿನ ಮುಚ್ಚಳ ಬರಿಯ ಮುಚ್ಚಳವಲ್ಲ, ಪ್ರೆಷರ್ ಕುಕ್ಕರಿನ ವೆಯ್ಟ್ ಇದ್ದಂತೆ. ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಸುಮಾರು ಒಂದು ವಾಯುಭಾರದಷ್ಟು ಹೆಚ್ಚಿಗೆ ಹಿಡಿದಿಡುತ್ತದೆ. ಆ ಒತ್ತಡದಲ್ಲಿ ನೀರು 120 ಡಿಗ್ರಿಯವರೆಗೂ ಕುದಿಯದು. ಈಗ ಒಳಗಿನ 2 ಲೀಟರ್ ನೀರು 110 ಡಿಗ್ರಿಯಲ್ಲಿ ಶಾಂತವಾಗಿದೆ ಎಂದುಕೊಳ್ಳಿ. ಯಾರೋ ನೀರು ಕಡಿಮೆಯಾಗಿದೆಯೇ ಎಂದು ನೋಡಲು ಮುಚ್ಚಳ ತಿರುಗಿಸುತ್ತಾರೆ. ಒತ್ತಡ ಥಟ್ಟನೆ ಇಳಿಯುತ್ತದೆ. ನೀರು 100 ಡಿಗ್ರಿಗೆ ಇಳಿಯಲೇಬೇಕು, ಹೆಚ್ಚಿನ 10 ಡಿಗ್ರಿಯ ಉಷ್ಣದಿಂದ ನೀರಿನ ಒಂದಂಶ ಹಬೆಯಾಗುತ್ತದೆ. ಎಷ್ಟು? 2 × 4.2 × 10, ಅಂದರೆ 84 ಕಿಲೋಜೌಲ್. ಹಬೆಯ ಗುಪ್ತೋಷ್ಣ ಗ್ರಾಮಿಗೆ ಸುಮಾರು 2.25 ಕಿಲೋಜೌಲ್. ಭಾಗಿಸಿದರೆ 37 ಗ್ರಾಂ. ಕೇಳಲು ಅಲ್ಪ, ಎರಡೂವರೆ ಚಮಚದ ನೀರು. ಆದರೆ ಒಂದು ಗ್ರಾಂ ಹಬೆ ಸುಮಾರು 1.7 ಲೀಟರ್ ಜಾಗ ಬೇಡುತ್ತದೆ. ಅರವತ್ತಕ್ಕೂ ಹೆಚ್ಚು ಲೀಟರ್ ಹಬೆ ಕೆಲವೇ ಸೆಕೆಂಡುಗಳಲ್ಲಿ ಅಂಗೈಯಗಲದ ಬಾಯಿಂದ ಕುದಿನೀರನ್ನು ತಳ್ಳಿಕೊಂಡು ಮುಖಕ್ಕೆ ಬರುತ್ತದೆ.

ಕೈಪಿಡಿಗಳಲ್ಲಿ ಈ ಎಚ್ಚರಿಕೆ ಇಲ್ಲವೆಂದಲ್ಲ. ಇರುತ್ತದೆ, ಸುರಕ್ಷತೆಯ ಅಧ್ಯಾಯದಲ್ಲೋ ಕೂಲೆಂಟಿನ ಅಧ್ಯಾಯದಲ್ಲೋ. ಪಟ್ಟಿಯ ಮೊದಲ ಸಾಲು ಮಾತ್ರ 'ಕೂಲೆಂಟ್ ಕಡಿಮೆ' ಎಂದಿರುತ್ತದೆ. ಎಂಜಿನ್ ಕುದಿಯುತ್ತಿರುವಾಗ ಗಾಬರಿಯಲ್ಲಿ ಪಟ್ಟಿಯನ್ನು ತೆರೆದವರಿಗೆ ಆ ಸಾಲು ಮಾಡು ಎನ್ನುವ ಮೊದಲ ಕೆಲಸವೇ ಮುಚ್ಚಳ ತೆರೆಯುವುದು! ಎಚ್ಚರಿಕೆ ನಲವತ್ತು ಪುಟ ಹಿಂದಿದೆ. ಬರಹದ ಕ್ರಮ ತಪ್ಪಿದರೆ ಮೈ ಸುಡುತ್ತದೆ ಎಂಬುದಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಡ. ನಿಜವಾಗಿ ಮಾಡಬೇಕಾದ್ದು ಇಷ್ಟು: ವಾಹನ ನಿಲ್ಲಿಸಿ, ಹಬೆ ಕಂಡರೆ ಎಂಜಿನ್ ಆರಿಸಿ, ಪಕ್ಕದ ಪ್ಲಾಸ್ಟಿಕ್ ಬಾಟಲಿಯಲ್ಲಿನ ಮಟ್ಟವನ್ನು ಹೊರಗಿನಿಂದ ನೋಡಿ. ರೇಡಿಯೇಟರ್ ಕೈ ಇಡುವಷ್ಟು ತಣಿಯುವವರೆಗೆ ಮುಚ್ಚಳದ ತಂಟೆಗೆ ಹೋಗಬೇಡಿ.

ಅದೇ ಮುಚ್ಚಳದ ರಬ್ಬರ್ ಸವೆದು ಒತ್ತಡ ಹಿಡಿಯದಿದ್ದರೆ ಇನ್ನೊಂದು ಬಗೆಯ ತೊಂದರೆ. ಸುಮಾರು 1,900 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಆಸುಪಾಸಿನಲ್ಲಿ ತೆರೆದ ಪಾತ್ರೆಯ ನೀರು 94 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ ಸಹಜವಾಗಿ ದುಡಿಯುವ ತಾಪವೇ ಹೆಚ್ಚುಕಡಿಮೆ ಅಷ್ಟು. ಬಯಲಿನಲ್ಲಿ ನೆಟ್ಟಗಿದ್ದ ವಾಹನ ಗಿರಿ ಹತ್ತುತ್ತಿದ್ದಂತೆ ಕುದಿದರೆ, ಎಂಜಿನ್ ಹೆಚ್ಚು ಕಾದಿದೆ ಎನ್ನುವುದಕ್ಕಿಂತ ನೀರು ಬೇಗ ಕುದಿದಿದೆ ಎನ್ನುವುದೇ ಸರಿಯಿರಬಹುದು. ತಾಪವೂ ಕುದಿತವೂ ಒಂದೇ ಅಲ್ಲವೆಂದು ತರಗತಿಯಲ್ಲಿ ಹೇಳುವಾಗ ಈ ಉದಾಹರಣೆಯನ್ನು ಬಳಸಬಹುದು.

ಪಟ್ಟಿ ಬಿಟ್ಟ ಜಾಗವನ್ನು ಗ್ಯಾರೇಜಿನ ನಂಬಿಕೆಗಳು ತುಂಬುತ್ತವೆ. 'ಥರ್ಮೋಸ್ಟ್ಯಾಟ್ ತೆಗೆದುಬಿಡಿ, ನಮ್ಮ ಬಿಸಿಲಿಗೆ ಬೇಕಿಲ್ಲ' ಎಂಬುದು ಬಹು ಪ್ರಚಲಿತ. ಥರ್ಮೋಸ್ಟ್ಯಾಟ್ ಎಂದರೆ ಕರಗಿದಾಗ ಹಿಗ್ಗುವ ಮೇಣವನ್ನು ತುಂಬಿದ ಕವಾಟ. ಎಂಜಿನ್ ಬೇಗ ಹದಕ್ಕೆ ಬರಲೆಂದು ಅದನ್ನು ಇಟ್ಟಿರುವುದು. ಅದಿಲ್ಲದೆ ಎಂಜಿನ್ ತಣ್ಣಗೆ ಓಡಿ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಕೆಲವು ರಚನೆಗಳಲ್ಲಿ ತೆರೆಯುವಾಗ ಅದೇ ಕವಾಟ ಅಡ್ಡದಾರಿಯೊಂದನ್ನು ಮುಚ್ಚುತ್ತದೆ. ತೆಗೆದುಹಾಕಿದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲೇ ಮರಳಿ ಎಂಜಿನ್ ಇನ್ನಷ್ಟು ಕಾಯುತ್ತದೆ. ಇನ್ನೊಂದು ಅಭ್ಯಾಸ ಬೋರ್‌ವೆಲ್ ನೀರು ತುಂಬುವುದು. ಗಡಸು ನೀರಿನ ಸುಣ್ಣ ಗೀಸರಿನ ಸುರುಳಿಯ ಮೇಲೆ ಹೇಗೆ ಕೂರುತ್ತದೋ ಹಾಗೆಯೇ ರೇಡಿಯೇಟರಿನ ಕೊಳವೆಗಳೊಳಗೂ ಕೂರುತ್ತದೆ. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯುವವರೂ ಇದ್ದಾರೆ. ಅಲ್ಯೂಮಿನಿಯಮ್ ಸಿಲಿಂಡರ್ ಹೆಡ್ ಒಂದೆಡೆ ತಟ್ಟನೆ ಕುಗ್ಗಿದರೆ ಬಾಗುತ್ತದೆ ಅಥವಾ ಬಿರುಕು ಬಿಡುತ್ತದೆ.

ಹೆಡ್ ಬಾಗಿ ಗ್ಯಾಸ್ಕೆಟ್ ಒಡೆದಾಗ ಕಾರಣವೂ ಪರಿಣಾಮವೂ ಸುತ್ತು ತಿರುಗುತ್ತವೆ. ಕಾದದ್ದರಿಂದ ಗ್ಯಾಸ್ಕೆಟ್ ಹೋಗುತ್ತದೆ. ಗ್ಯಾಸ್ಕೆಟ್ ಹೋದದ್ದರಿಂದ ಸಿಲಿಂಡರಿನ ಅನಿಲ ನೀರಿಗೆ ನುಗ್ಗಿ ಮತ್ತೆ ಕಾಯಿಸುತ್ತದೆ. ಇದನ್ನು ಪತ್ತೆ ಮಾಡಲು ತಣ್ಣಗಿನ ಎಂಜಿನ್ನನ್ನು ಮುಚ್ಚಳ ತೆಗೆದೇ ಚಾಲೂ ಮಾಡಿ ನೀರನ್ನು ನೋಡಬೇಕು. ಸಿಕ್ಕಿಕೊಂಡ ಗಾಳಿಯಾದರೆ ಗುಳ್ಳೆಗಳು ಸ್ವಲ್ಪ ಹೊತ್ತಿಗೆ ನಿಲ್ಲುತ್ತವೆ. ನಿಲ್ಲದೆ ಬರುತ್ತಲೇ ಇದ್ದರೆ ಅದು ಸಿಲಿಂಡರಿನಿಂದ ಬರುತ್ತಿರುವ ಅನಿಲ. ಒಂದು ಪೈಸೆ ಖರ್ಚಿಲ್ಲದ ಪ್ರಯೋಗ. ಪಟ್ಟಿಗಳಲ್ಲಿ ಗ್ಯಾಸ್ಕೆಟ್ಟಿನ ಸಾಲು ಇದ್ದರೂ ಈ ಪ್ರಯೋಗ ಬಹುಮಟ್ಟಿಗೆ ಇರುವುದಿಲ್ಲ.

ನೀರಿಲ್ಲದ ಎಂಜಿನ್ನುಗಳ ಕಥೆ ಬೇರೆ. 2007ರಲ್ಲಿ ಮಧ್ಯಪ್ರದೇಶದ ಪೀಥಂಪುರದಲ್ಲಿ ಆರಂಭವಾದ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗೆ ನಮ್ಮ ರಾಜ್ಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಒಂಟಿ ಆಸನದ ಎಟಿವಿ ಕಟ್ಟಿಕೊಂಡು ಹೋಗುತ್ತಾರೆ. ಅಲ್ಲಿ ಹಲವು ವರ್ಷ ಬಳಸಿದ್ದು 305 ಘನ ಸೆಂಟಿಮೀಟರಿನ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಎಂಜಿನ್. ಅದು ಗಾಳಿಯಿಂದ ತಣಿಯುವಂಥದ್ದು. ಎಂಜಿನ್ ಇರುವುದು ಚಾಲಕನ ಬೆನ್ನ ಹಿಂದಿನ ಲೋಹದ ಅಡ್ಡಗೋಡೆಯ ಆಚೆ, ಎದುರುಗಾಳಿಯ ಮರೆಯಲ್ಲಿ. ಫ್ಲೈವೀಲಿಗೆ ಸೇರಿದ ಫ್ಯಾನ್ ಎಳೆದುಕೊಂಡದ್ದಷ್ಟೇ ಅದಕ್ಕೆ ಗಾಳಿ. ಅದರ ಜಾಲರಿಗೆ ಹುಲ್ಲು, ಕೆಸರು ಮೆತ್ತಿದರೆ, ಅಥವಾ ಹೊರಬಂದ ಬಿಸಿಗಾಳಿಯೇ ಸುತ್ತಿ ಮತ್ತೆ ಒಳಹೋಗುವಂತೆ ಹಲಗೆಗಳನ್ನು ಜೋಡಿಸಿದರೆ ಎಂಜಿನ್ ಕಾಯುತ್ತದೆ. ರೇಡಿಯೇಟರ್, ಪಂಪ್, ಥರ್ಮೋಸ್ಟ್ಯಾಟ್‌ಗಳ ಪಟ್ಟಿ ಇಲ್ಲಿ ಒಂದಕ್ಷರವೂ ಉಪಯೋಗಕ್ಕೆ ಬಾರದು. ಉಷ್ಣ ಎಲ್ಲಿ ಹುಟ್ಟಿತು, ಯಾವುದು ಹೊತ್ತಿತು, ಎಲ್ಲಿ ಇಳಿಯಬೇಕಿತ್ತು, ಎಲ್ಲಿ ತಡೆಯಿತು ಎಂಬ ನಾಲ್ಕು ಪ್ರಶ್ನೆಗಳು ಮಾತ್ರ ಎರಡೂ ಕಡೆ ಸಲ್ಲುತ್ತವೆ.

ಹತ್ತನೇ ತರಗತಿಯ ಮೇಲಿನವರಿಗೆ ಕಲಿಸುವ ಶಿಕ್ಷಕರು ಇದನ್ನು ಒಂದು ಅವಧಿಯ ಚಟುವಟಿಕೆ ಮಾಡಿಕೊಳ್ಳಬಹುದು. ಎಟಿವಿಯೇ ಆಗಬೇಕಿಲ್ಲ. ಊರಿನ ಟ್ರಾಕ್ಟರಿನ ಕೈಪಿಡಿ ತಂದು ಅದರ ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ. ಪ್ರತಿ ಕಾರಣದ ಮುಂದೆ ಮೂರು ಅಂಕಣ ಹಾಕಿಸಿ: ನಿಂತಾಗ ಕಾಯುತ್ತದೆಯೆ, ಓಡುವಾಗ ಕಾಯುತ್ತದೆಯೆ, ರೇಡಿಯೇಟರ್ ಬಿಸಿಯಿರುತ್ತದೆಯೆ ಅಥವಾ ತಣ್ಣಗಿರುತ್ತದೆಯೆ. ವಿದ್ಯಾರ್ಥಿಗಳೇ ವಾದ ಮಾಡಿ ಹೌದು-ಇಲ್ಲ ತುಂಬಲಿ. ಎರಡು ಸಾಲುಗಳಿಗೆ ಒಂದೇ ಉತ್ತರ ಬಂದರೆ ಅವನ್ನು ಬೇರ್ಪಡಿಸಲು ಯಾವ ನಾಲ್ಕನೇ ಪ್ರಶ್ನೆ ಬೇಕೆಂದು ಕೇಳಿ. ಮುಚ್ಚಿಕೊಂಡ ಥರ್ಮೋಸ್ಟ್ಯಾಟಿಗೂ ಪೂರ್ತಿ ನಿಂತ ಪಂಪಿಗೂ ಮೂರೂ ಅಂಕಣಗಳಲ್ಲಿ ಒಂದೇ ಉತ್ತರ ಬರುತ್ತದೆ. ಥರ್ಮೋಸ್ಟ್ಯಾಟನ್ನು ಬಿಚ್ಚಿ ಬಿಸಿನೀರಿನ ಪಾತ್ರೆಯಲ್ಲಿ ದಾರಕ್ಕೆ ಕಟ್ಟಿ ತೂಗುಬಿಟ್ಟು, ಪಕ್ಕದಲ್ಲೊಂದು ತಾಪಮಾಪಕ ಇಟ್ಟು, ಎಷ್ಟು ಡಿಗ್ರಿಗೆ ಬಾಯಿ ತೆರೆಯುತ್ತದೆಂದು ನೋಡಿದರೆ ಆ ಎರಡರಲ್ಲಿ ಒಂದು ಇತ್ಯರ್ಥವಾಗುತ್ತದೆ.